ಎಲೆಕ್ಟ್ರೋನೆಗೆಟಿವಿಟಿಗೆ, ಅಂದರೆ ಬಂಧದ ಎಲೆಕ್ಟ್ರಾನ್‌ಗಳನ್ನು ಪರಮಾಣು ತನ್ನತ್ತ ಸೆಳೆಯುವ ಬಲಕ್ಕೆ, ಪಾಲಿಂಗ್, ಮಲ್ಲಿಕನ್, ಆಲ್‌ರೆಡ್–ರೋಕೋ ಎಂದು ಬೇರೆ ಬೇರೆ ಪಟ್ಟಿಗಳಿವೆ. ಯಾವುದು ಸರಿ, ಯಾವುದನ್ನು ಬಾಯಿಪಾಠ ಮಾಡಲಿ?

ಯಾವುದನ್ನೂ ಮಾಡಬೇಡಿ. ವಿಜಯಪುರದಲ್ಲಿ ಎಂ.ಎಸ್ಸಿ. ಓದುವಾಗ ನಾನು ಮಾಡಿದ್ದು ಅದನ್ನೇ. ಗ್ರಂಥಾಲಯದ ಒಂದು ಪುಸ್ತಕದಿಂದ ಪಾಲಿಂಗ್ ಬೆಲೆಗಳನ್ನು, ಇನ್ನೊಂದರಿಂದ ಆಲ್‌ರೆಡ್–ರೋಕೋ ಬೆಲೆಗಳನ್ನು ಒಂದೇ ಪುಟಕ್ಕೆ ಇಳಿಸಿಕೊಂಡು ಉರು ಹೊಡೆದೆ. ಯಾವ ಸಾಲು ಯಾರದೆಂದು ಮೇಲೆ ಬರೆಯಲಿಲ್ಲ.

ಮುಂದೆ ಬೆಳಗಾವಿಯ ಕಾಲೇಜೊಂದರಲ್ಲಿ ಉಪನ್ಯಾಸಕ ಹುದ್ದೆಯ ಸಂದರ್ಶನ. ನೈಟ್ರೋಜನ್ ಟ್ರೈಕ್ಲೋರೈಡ್‌ನಲ್ಲಿ ಎಲೆಕ್ಟ್ರಾನ್‌ಗಳು ಯಾವ ಕಡೆ ವಾಲುತ್ತವೆ ಎಂದು ಕೇಳಿದರು. ನೈಟ್ರೋಜನ್ 3.04, ಕ್ಲೋರಿನ್ 2.83 ಎಂದು ಬೋರ್ಡಿನ ಮೇಲೆ ಬರೆದು, ‘ಪಾಲಿಂಗ್ ಪ್ರಕಾರ ನೈಟ್ರೋಜನ್ ಕಡೆಗೆ’ ಎಂದೆ.

‘2.83 ಎಲ್ಲಿಂದ ತಂದಿರಿ?’

ನನ್ನ ಬಾಯಿ ಕಟ್ಟಿತು. 3.04 ಪಾಲಿಂಗ್ ಬೆಲೆ, 2.83 ಆಲ್‌ರೆಡ್–ರೋಕೋ ಬೆಲೆ. ಪಾಲಿಂಗ್ ಪಟ್ಟಿಯಲ್ಲಿ ಕ್ಲೋರಿನ್ 3.16, ಅಂದರೆ ಅಲ್ಲಿ ಕ್ಲೋರಿನ್ನೇ ಮುಂದು. ಆಲ್‌ರೆಡ್–ರೋಕೋದಲ್ಲಿ ನೈಟ್ರೋಜನ್ 3.07, ಅಲ್ಲಿ ಅದು ಮುಂದು. ಜೋಳವನ್ನು ಸೇರಿನಲ್ಲಿ ಅಳೆದು ಕಿಲೋ ಲೆಕ್ಕದಲ್ಲಿ ದುಡ್ಡು ಕೇಳಿದಂತಾಗಿತ್ತು ನನ್ನ ಕಳೆಯುವ ಲೆಕ್ಕ. ಹೊಟ್ಟೆ ಉರಿಸುವ ಸಂಗತಿಯೆಂದರೆ, ನೈಟ್ರೋಜನ್ ಎಂಬ ಉತ್ತರವನ್ನು ಸಮರ್ಥಿಸಿಕೊಳ್ಳಲು ದಾರಿಯಿತ್ತು. ಆ ಸಂಯುಕ್ತ ನೀರಿನೊಡನೆ ವರ್ತಿಸಿ ಅಮೋನಿಯಾ ಮತ್ತು ಹೈಪೋಕ್ಲೋರಸ್ ಆಮ್ಲ ಕೊಡುತ್ತದೆ; ಅಂದರೆ ನೀರಿನ ಧನ ಭಾಗವಾದ ಜಲಜನಕ ನೈಟ್ರೋಜನ್‌ಗೆ ಅಂಟುತ್ತದೆ, ನೈಟ್ರೋಜನ್ ಕಡೆ ಋಣ ಇದ್ದಂತೆ. ಅಷ್ಟು ಹೇಳಿದ್ದರೂ ಸಾಕಿತ್ತು. ಮರಳುವ ಬಸ್ಸು ಯರಗಟ್ಟಿ ದಾಟಿದ ಮೇಲೆ ಇದೆಲ್ಲ ಹೊಳೆಯಿತು. ಹುದ್ದೆ ಬೇರೆಯವರ ಪಾಲಾಯಿತು.

ಹೀಗಾಗಿ ‘ಯಾವುದು ಸರಿ’ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪಾಲಿಂಗ್ 1932ರಲ್ಲಿ ಹಿಡಿದದ್ದು ಬಂಧ ಶಕ್ತಿಯ, ಅಂದರೆ ಬಂಧ ಮುರಿಯಲು ಬೇಕಾದ ಶಕ್ತಿಯ ಜಾಡನ್ನು. ಮಲ್ಲಿಕನ್ 1934ರಲ್ಲಿ ಒಂಟಿ ಪರಮಾಣುವಿನ ಅಯಾನೀಕರಣ ಶಕ್ತಿ (ಒಂದು ಎಲೆಕ್ಟ್ರಾನ್ ಕಿತ್ತು ತೆಗೆಯಲು ಬೇಕಾದ ಶಕ್ತಿ) ಮತ್ತು ಎಲೆಕ್ಟ್ರಾನ್ ಆಕರ್ಷಣೆ (ಒಂದು ಎಲೆಕ್ಟ್ರಾನ್ ಸೇರಿದಾಗ ಹೊರಬರುವ ಶಕ್ತಿ) ಇವುಗಳ ಸರಾಸರಿ ತೆಗೆದರು. ಆಲ್‌ರೆಡ್ ಮತ್ತು ರೋಕೋ 1958ರಲ್ಲಿ, ಸಹವೇಲೆನ್ಸಿ ತ್ರಿಜ್ಯದಷ್ಟು (ಬಂಧದಲ್ಲಿರುವ ಪರಮಾಣುವಿನ ತ್ರಿಜ್ಯದಷ್ಟು) ದೂರದ ಎಲೆಕ್ಟ್ರಾನನ್ನು ಬೀಜಕೇಂದ್ರ ಎಷ್ಟು ಸೆಳೆಯುತ್ತದೆ ಎಂದು ಲೆಕ್ಕ ಹಾಕಿದರು. ಅಳೆದ ವಸ್ತುವೇ ಬೇರೆ ಬೇರೆ.

ಉರು ಹೊಡೆಯುವ ಬದಲು ಒಂದು ಲೆಕ್ಕವನ್ನು ಕೈಯಾರೆ ಮಾಡಿ. ಜಲಜನಕ ಅಣುವಿನ ಬಂಧ ಶಕ್ತಿ ಮೋಲ್‌ಗೆ 436 ಕಿಲೋಜೌಲ್, ಕ್ಲೋರಿನ್ ಅಣುವಿನದು 243, ಸರಾಸರಿ 339.5. ಆದರೆ ಹೈಡ್ರೋಜನ್ ಕ್ಲೋರೈಡ್‌ನ ಬಂಧ ಶಕ್ತಿ 431. ಹೆಚ್ಚುವರಿ 91.5ರ ವರ್ಗಮೂಲವನ್ನು ಪಾಲಿಂಗ್ ಸೂತ್ರದ ಸ್ಥಿರಾಂಕ 0.102ರಿಂದ ಗುಣಿಸಿದರೆ ಸುಮಾರು 0.98. ಪಾಲಿಂಗ್ ಪಟ್ಟಿಯಲ್ಲಿ ಕ್ಲೋರಿನ್‌ನ 3.16ರಿಂದ ಜಲಜನಕದ 2.20 ಕಳೆದರೆ 0.96. ಇದನ್ನು ಒಮ್ಮೆ ಮಾಡಿದವರಿಗೆ ಪಟ್ಟಿ ಎಲ್ಲಿಂದ ಹುಟ್ಟಿತೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಲ್ಲಿಕನ್ ಬೆಲೆಗಳು ಮೂಲತಃ ಎಲೆಕ್ಟ್ರಾನ್ ವೋಲ್ಟ್‌ನಲ್ಲಿರುತ್ತವೆ. ಅವನ್ನು ಪಾಲಿಂಗ್ ಅಳತೆಗೆ ಇಳಿಸದೆ ಪಕ್ಕದಲ್ಲಿ ಬರೆದುಕೊಳ್ಳಲೇಬೇಡಿ.