ಪರಿಹಾರದ ಪಟ್ಟಿ ಕೇಳುವುದು ಹೇಗೆ?

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ತೋಟದ ಕಾಫಿ ಕಾಯಿ ಕೊಳೆತು ಉದುರಿತು, ಮೆಣಸಿನ ಬಳ್ಳಿಯೂ ಹೋಯಿತು. ಪಕ್ಕದವರಿಗೆ ಪರಿಹಾರ ಬಂದಿದೆ, ನಮಗಿಲ್ಲ. ಕೇಳಿದರೆ ‘ಪಟ್ಟಿ ಮೇಲಿಂದಲೇ ಬಂದಿದೆ’ ಎನ್ನುತ್ತಾರೆ. ಜಮ್ಮಾ ಜಾಗ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಹಿಡುವಳಿ), ಆರ್‌ಟಿಸಿ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಯಾರಿಗೆಷ್ಟು ಕೊಟ್ಟರೆಂದು ಕೇಳುವ ಹಕ್ಕು ನಮಗಿದೆಯೇ?
– ಒಬ್ಬ ಬೆಳೆಗಾರರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 4(1)(ಬಿ) ಪ್ರಕಾರ ಸಹಾಯಧನದ ಮೊತ್ತ, ಫಲಾನುಭವಿಗಳ ವಿವರವನ್ನು ಯಾರೂ ಕೇಳದಿದ್ದರೂ ಕಚೇರಿಯೇ ಪ್ರಕಟಿಸಬೇಕು. ‘ಮೇಲಿಂದ ಬಂತು’ ಎಂಬ ಮಾತಿಗೆ ತಲೆಯಾಡಿಸಬೇಡಿ. ನಷ್ಟದ ಸಮೀಕ್ಷೆ ನಡೆದು ‘ಪರಿಹಾರ’ ತಂತ್ರಾಂಶಕ್ಕೆ ವಿವರ ಸೇರುವುದು ತಾಲ್ಲೂಕು ಮಟ್ಟದಲ್ಲೇ. ಮೇಲಿಂದ ಬರುವುದು ಹಣ ಮಾತ್ರ.

ಆದರೂ ಅರ್ಜಿಗೆ ಮೊದಲು ನಿಮ್ಮ ದಾಖಲೆ ನೋಡಿಕೊಳ್ಳಿ. ತೀರಿಹೋದವರ ಹೆಸರಿನಲ್ಲಿ ಫ್ರೂಟ್ಸ್ (ರಾಜ್ಯದ ರೈತ ನೋಂದಣಿ ತಂತ್ರಾಂಶ) ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ, ಆಗುವುದಿಲ್ಲ. ಎಫ್‌ಐಡಿಗೆ ಆ ಸರ್ವೆ ನಂಬರ್ ಸೇರದಿದ್ದರೆ ಹಣ ಹೋಗಲು ದಾರಿಯೇ ಇಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟುಕೊಂಡು ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಾಗವನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಡಿ. ಒಕ್ಕದ (ಕೊಡವ ಮನೆತನದ) ಹಲವರ ಹೆಸರು ಒಟ್ಟಿಗಿರುವ ಜಾಗವಾದರೆ ಉಳಿದವರ ಒಪ್ಪಿಗೆ ಪತ್ರವನ್ನೂ ಕೇಳುತ್ತಾರೆ. ಜಮ್ಮಾ ಜಾಗದ ಅರ್ಜಿ ಹೆಚ್ಚಾಗಿ ಮುಗ್ಗರಿಸುವುದು ಇಲ್ಲಿಯೇ.

ಹೆಸರು ಸರಿಯಿದ್ದೂ ಹಣ ಕಾಣದವರು ಬ್ಯಾಂಕಿನಲ್ಲಿ ವಿಚಾರಿಸಬೇಕು. ಹಣ ಜಮೆಯಾಗುವುದು ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕಿನ ಖಾತೆಗೆ. ಕೆವೈಸಿಗೆಂದು ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಈ ಜೋಡಣೆ ಆಗುವುದಿಲ್ಲ. ಎಷ್ಟೋ ಸಲ ಹಣ ಮರೆತುಹೋದ ಹಳೆಯ ಖಾತೆಯಲ್ಲಿ ಕುಳಿತಿರುತ್ತದೆ.

ಪಕ್ಕದವರ ಮೊತ್ತವನ್ನು ಹೋಲಿಸುವಾಗ ದರ ಗೊತ್ತಿರಲಿ. 2022-23ರಿಂದ 2025-26ರವರೆಗಿನ ಕೇಂದ್ರ ಮಾನದಂಡದಂತೆ ಶೇ 33 ಅಥವಾ ಹೆಚ್ಚು ನಷ್ಟವಾದರೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ಕಾಫಿ, ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಗರಿಷ್ಠ 2 ಹೆಕ್ಟೇರ್. ಕಾಫಿಗೆ ಎಕರೆಗೆ ಸುಮಾರು 9,100 ಆಯಿತು. ತೋಟ ಹತ್ತೆಕರೆ ಇದ್ದರೂ ಈ ಲೆಕ್ಕದಲ್ಲಿ 45,000 ದಾಟುವುದಿಲ್ಲ. ರಾಜ್ಯ ಸರ್ಕಾರ ಕೆಲವು ವರ್ಷ ತನ್ನ ಪಾಲು ಸೇರಿಸಿ ಕೊಡುವುದೂ ಉಂಟು.

ಇನ್ನು ಅರ್ಜಿ. ತಾಲ್ಲೂಕು ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ನಮೂನೆ ‘ಎ’ಯಲ್ಲಿ ಬರೆಯಿರಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಇಲ್ಲ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ‘ನಮಗೇಕೆ ಕೊಟ್ಟಿಲ್ಲ?’ ಎಂದು ಬರೆದರೆ ‘ಇದು ಮಾಹಿತಿಯಲ್ಲ’ ಎಂಬ ಹಿಂಬರಹ ಗ್ಯಾರಂಟಿ. ದಾಖಲೆಯನ್ನೇ ಕೇಳಿ: ಗ್ರಾಮದ ಹೆಸರು, ವರ್ಷ ನಮೂದಿಸಿ, ಪಾವತಿ ಪಟ್ಟಿ (ಹೆಸರು, ಸರ್ವೆ ನಂಬರ್, ಬೆಳೆ, ನಷ್ಟದ ವಿಸ್ತೀರ್ಣ, ಮೊತ್ತ), ಜಂಟಿ ಸಮೀಕ್ಷೆಯ ವರದಿ, ತಿರಸ್ಕೃತ ಪ್ರಕರಣಗಳ ಪಟ್ಟಿ. ಬೇರೆಯವರ ಆಧಾರ್, ಖಾತೆ ಸಂಖ್ಯೆ ಕೇಳಬೇಡಿ. ವೈಯಕ್ತಿಕ ಮಾಹಿತಿಯ ನೆಪದಲ್ಲಿ ಇಡೀ ಅರ್ಜಿಯೇ ವಾಪಸಾದೀತು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಅಂಚೆ ರಸೀದಿ ಜೋಪಾನ. ದಿನದ ಲೆಕ್ಕ ಅರ್ಜಿ ಕಚೇರಿಗೆ ತಲುಪಿದ ದಿನದಿಂದ.

ಪ್ರಶ್ನೆ: ಕಾಫಿ ಮಂಡಳಿ ಕೊಡುವ ಸಹಾಯಧನದ ವಿವರವನ್ನೂ ತಹಶೀಲ್ದಾರರಲ್ಲೇ ಕೇಳಬಹುದೇ?
– ಓದುಗರು, ವಿರಾಜಪೇಟೆ

ಉತ್ತರ: ಬೇಡ. ಮಂಡಳಿ ಕೇಂದ್ರ ವಾಣಿಜ್ಯ ಸಚಿವಾಲಯದ ಕೆಳಗಿದೆ. ಅರ್ಜಿಯನ್ನು ಅದಕ್ಕೇ ಕಳುಹಿಸಿ. ಹನಿ ನೀರಾವರಿಯಾದರೆ ತೋಟಗಾರಿಕೆ ಇಲಾಖೆ, ಪವರ್ ಟಿಲ್ಲರ್ ಆದರೆ ಕೃಷಿ ಇಲಾಖೆ. ತಪ್ಪಿ ಬಂದ ಅರ್ಜಿಯನ್ನು 5 ದಿನದಲ್ಲಿ ಸರಿಯಾದ ಕಚೇರಿಗೆ ದಾಟಿಸಬೇಕೆಂದು ಕಲಂ 6(3) ಹೇಳುತ್ತದೆ, ನಿಜ. ಆದರೆ ರಾಜ್ಯದ ಕಚೇರಿಯಿಂದ ಕೇಂದ್ರದ ಕಚೇರಿಗೆ ಹೋಗಬೇಕಾದ ಕಾಗದ ಎಲ್ಲಾದರೂ ತಂಗಿಬಿಟ್ಟರೆ ಕಾಯುವವರು ನೀವೇ.