ಸೋಮವಾರ ಬೆಳ್ಳಂದೂರು, ಶನಿವಾರ ಮೂಡಿಗೆರೆ: ಯಾವ ಜೀಪು ತಗೊಳ್ಳಲಿ?

ಪ್ರಶ್ನೆ: ನಮಸ್ಕಾರ ಸರ್. ನಾವು ನಾಗರಭಾವಿಯಲ್ಲಿದ್ದೇವೆ. ನನ್ನ ಆಫೀಸು ಬೆಳ್ಳಂದೂರಿನಲ್ಲಿ, ವಾರಕ್ಕೆ 3 ದಿನ ಹೋಗಬೇಕು. ನಮ್ಮ ಊರು ಮೂಡಿಗೆರೆ ಹತ್ತಿರ. ತಿಂಗಳಿಗೆ ಎರಡು ಸಲವಾದರೂ ಹೋಗುತ್ತೇವೆ. ಟಾರು ರಸ್ತೆ ಬಿಟ್ಟ ಮೇಲೆ ಮನೆಯವರೆಗೆ 2 ಕಿಲೋಮೀಟರ್ ಮಣ್ಣಿನ ದಾರಿ, ಕೊನೆಯಲ್ಲಿ ಒಂದು ಏರು. ಮಳೆಗಾಲದಲ್ಲಿ ನಮ್ಮ ಸಣ್ಣ ಕಾರು ಅಲ್ಲಿ ಹೂತುಕೊಳ್ಳುತ್ತದೆ. ಹೋದ ವರ್ಷ ಎರಡು ಸಲ ಟ್ರ್ಯಾಕ್ಟರ್ ಕಟ್ಟಿ ಎಳೆಸಬೇಕಾಯಿತು. ಅದಕ್ಕೇ ಸೆಕೆಂಡ್ ಹ್ಯಾಂಡ್ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ಗಾಡಿ) ಹುಡುಕುತ್ತಿದ್ದೇನೆ. ಮೂರು ನೋಡಿದ್ದೇನೆ. 2015ರ ಹಳೇ ಮಹೀಂದ್ರ ಥಾರ್, ಆರೂವರೆ ಲಕ್ಷ. 2021ರ ಡೀಸೆಲ್ ಥಾರ್, ಹನ್ನೊಂದೂವರೆ ಲಕ್ಷ, ದೊಡ್ಡ ಟೈರು, ಕಬ್ಬಿಣದ ಬಂಪರ್ ಎಲ್ಲ ಹಾಕಿಸಿದ್ದಾರೆ. 2023ರ ಮಾರುತಿ ಜಿಮ್ನಿ ಪೆಟ್ರೋಲ್, 10 ಲಕ್ಷ. ಮನೆಯಲ್ಲಿ ಹೆಂಡತಿ, 6 ವರ್ಷದ ಮಗಳು, ಮಂಡಿ ನೋವಿರುವ ಅಮ್ಮ ಇದ್ದಾರೆ. ನನ್ನ ಮನಸ್ಸು 2021ರ ಥಾರ್ ಮೇಲಿದೆ. ಏನಂತೀರಿ?
– ಓದುಗರು, ನಾಗರಭಾವಿ

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು ಅಮ್ಮನ ಮಂಡಿಯ ಮೇಲೆ. ಅಲ್ಲಿಂದಲೇ ಶುರು ಮಾಡೋಣ.

2020ರ ಅಕ್ಟೋಬರ್‌ನಲ್ಲಿ ಬಂದ ಹೊಸ ಥಾರ್ ಒಳ್ಳೇ ಗಾಡಿ. ಅದರಲ್ಲಿ ಎರಡು ಮಾತಿಲ್ಲ. ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ 4 ಸ್ಟಾರ್ ಪಡೆದಿದೆ. ಆದರೆ ಅದಕ್ಕೆ ಹಿಂದಿನ ಬಾಗಿಲುಗಳಿಲ್ಲ. ಹಿಂದೆ ಕೂರಬೇಕಾದರೆ ಮುಂದಿನ ಪಕ್ಕದ ಸೀಟು ಮಡಚಿ, ಸಂದಿಯಲ್ಲಿ ನುಸುಳಿ, ಮೇಲೆ ಹತ್ತಬೇಕು. ಅಮ್ಮ ಮುಂದೆ ಕೂತರಾಯಿತು ಅಂತೀರಿ. ಆಗ ಹೆಂಡತಿ, ಮಗಳು ಹತ್ತಿ ಇಳಿಯುವಾಗೆಲ್ಲ ಅಮ್ಮ ಇಳಿದು ನಿಲ್ಲಬೇಕು. ಹಾಸನದಲ್ಲಿ ಕಾಫಿಗೆ ನಿಲ್ಲಿಸಿದರೂ ಅದೇ, ಬೇಲೂರಿನಲ್ಲಿ ನಿಲ್ಲಿಸಿದರೂ ಅದೇ. ಒಂದು ದಿನ ಅಮ್ಮ "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದುಬಿಡುತ್ತಾರೆ. ಊರಿಗೆ ಹೋಗಲೆಂದು ತಗೊಂಡ ಗಾಡಿಯಿಂದ ಊರಿನವರೇ ಮನೆಯಲ್ಲಿ ಉಳಿಯುವಂತಾಗಬಾರದು. ನನ್ನ ಗ್ಯಾರೇಜಿಗೆ ಬರುವ ಮನೆಗಳಲ್ಲಿ ಹೀಗಾಗಿದ್ದನ್ನು ನೋಡಿದ್ದೇನೆ.

2015ರ ಹಳೇ ಥಾರ್‌ಅನ್ನು ಈಗಲೇ ಕೈಬಿಡಿ. ಎಂಜಿನ್ ಗಟ್ಟಿ, ರಿಪೇರಿ ಸುಲಭ, ಸ್ಪೇರ್ಸ್ ಜೆಸಿ ರಸ್ತೆಯಲ್ಲಿ ಸಿಗುತ್ತವೆ. ನನಗೆ ಬಹಳ ಇಷ್ಟದ ಗಾಡಿ ಅದು. ಆದರೆ ಏರ್‌ಬ್ಯಾಗ್ ಇಲ್ಲ. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಬಂದಿದ್ದು 2019ರಲ್ಲಿ, ಅಂದರೆ ನೀವು ನೋಡಿದ ಗಾಡಿಯಲ್ಲಿ ಅದೂ ಇಲ್ಲ. ಹಿಂದಿನ ಸೀಟುಗಳು ಎದುರುಬದುರು ಬೆಂಚು. 6 ವರ್ಷದ ಮಗುವನ್ನು ಅಡ್ಡಬೆಂಚಿನ ಮೇಲೆ ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗಿ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಇನ್ನು ಬೆಳ್ಳಂದೂರಿನ ವಿಷಯ. ನಾಯಂಡಹಳ್ಳಿ, ಬನಶಂಕರಿ, ಸಿಲ್ಕ್ ಬೋರ್ಡ್ ದಾಟಿ ಹೋಗುವಾಗ ನಿಮ್ಮ ಗಾಡಿ ಹೆಚ್ಚು ಹೊತ್ತು ಒಂದು, ಎರಡನೇ ಗೇರಿನಲ್ಲೇ ಇರುತ್ತದೆ. 2020ರ ನಂತರದ ಬಿಎಸ್‌6 ಡೀಸೆಲ್ ಥಾರ್‌ನ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನೋ ಜಾಲರಿ ಇದೆ. ಹೊಗೆಯ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಜಾಲರಿ ಚೆನ್ನಾಗಿ ಬಿಸಿಯಾಗಬೇಕು. ಅದಕ್ಕೆ 15–20 ನಿಮಿಷ ಒಂದೇ ವೇಗದಲ್ಲಿ ಓಡಬೇಕು. ಸಿಲ್ಕ್ ಬೋರ್ಡ್‌ನಲ್ಲಿ ಅದೆಲ್ಲಿ ಸಾಧ್ಯ? ಸುಡುವುದು ಶುರುವಾಗುತ್ತದೆ, ಅಷ್ಟರಲ್ಲಿ ಆಫೀಸು ಬಂತು, ಗಾಡಿ ಆಫ್. ಹೀಗೇ ಆಗುತ್ತಿದ್ದರೆ ಮೀಟರಿನಲ್ಲಿ ದೀಪ ಬರುತ್ತದೆ. ಸುಡಲೆಂದು ಜಾಸ್ತಿ ಸುರಿದ ಡೀಸೆಲ್ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ನೀವು ತಿಂಗಳಿಗೆರಡು ಸಲ ಊರಿಗೆ ಹೋಗುವುದರಿಂದ ಸ್ವಲ್ಪ ಪಾರು. ಆದರೂ ನಿಮ್ಮ ಓಡಾಟಕ್ಕೆ ಪೆಟ್ರೋಲೇ ಸರಿ. ಮಾರುವವರು "ಡಿಪಿಎಫ್ ತೆಗೆಸಿಬಿಟ್ಟಿದ್ದೇನೆ, ತಲೆನೋವೇ ಇಲ್ಲ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಆ 2021ರ ಗಾಡಿಯ ಬಗ್ಗೆ ನನಗೆ ಇನ್ನೂ ಎರಡು ಅನುಮಾನಗಳಿವೆ. ಮೊದಲನೆಯದು ಟೈರು. ಕಂಪನಿ ಕೊಟ್ಟಿದ್ದಕ್ಕಿಂತ ದೊಡ್ಡ ಟೈರು ಹಾಕಿದರೆ ಒಂದು ಸುತ್ತಿಗೆ ಗಾಡಿ ಜಾಸ್ತಿ ದೂರ ಹೋಗುತ್ತದೆ, ಮೀಟರ್ ಕಡಿಮೆ ತೋರಿಸುತ್ತದೆ. 50 ಸಾವಿರ ಅಂತ ಇದ್ದರೆ ನಿಜಕ್ಕೂ ಓಡಿದ್ದು ಅದಕ್ಕಿಂತ ಹೆಚ್ಚು. ಬೇರಿಂಗ್, ಬಾಲ್ ಜಾಯಿಂಟ್, ಸ್ಟಿಯರಿಂಗ್ ಎಲ್ಲದರ ಮೇಲೂ ಭಾರ. ಎರಡನೆಯದು ಆ ಬಂಪರ್. ಬುಲ್‌ ಬಾರ್ (ಮುಂದೆ ಹಾಕಿಸುವ ಕಬ್ಬಿಣದ ಚೌಕಟ್ಟು) ಹಾಕಬಾರದೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಹೇಳಿದೆ. ಗಾಡಿಯ ಮೂಲ ರೂಪ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಸಿಕ್ಕಿಬೀಳುತ್ತದೆ. ಅಪಘಾತದಲ್ಲಿ ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ಬಿಚ್ಚಿಕೊಳ್ಳದೇ ಹೋಗಬಹುದು, ವಿಮೆಯವರೂ ತಕರಾರು ತೆಗೆಯಬಹುದು. "ಇದಕ್ಕೇ ಎರಡು ಲಕ್ಷ ಖರ್ಚು ಮಾಡಿದ್ದೇನೆ" ಅಂತ ಮಾಲೀಕರು ಹೇಳುತ್ತಾರೆ. ಆ ದುಡ್ಡು ನೀವು ಕೊಡಬೇಕಾಗಿಲ್ಲ. ಅಂಥ ಟೈರು ಹಾಕಿಸಿದವರು ಭಾನುವಾರಗಳನ್ನು ಎಲ್ಲಿ ಕಳೆದರು ಅಂತ ಯೋಚಿಸಿ. ಸಾಮಾನ್ಯ ಕಾರಿನಲ್ಲಿ ಎಷ್ಟು ಓಡಿದೆ ಅಂತ ಕೇಳುತ್ತೇವೆ. ಇಂಥ ಗಾಡಿಯಲ್ಲಿ ಎಲ್ಲಿ ಓಡಿದೆ ಅಂತ ಕೇಳಬೇಕು. ಹಳ್ಳದಲ್ಲಿ ಓಡಿದ 20 ಸಾವಿರಕ್ಕಿಂತ ಹೆದ್ದಾರಿಯಲ್ಲಿ ಓಡಿದ 80 ಸಾವಿರ ಎಷ್ಟೋ ವಾಸಿ.

ಹಾಗಾಗಿ ನನ್ನ ಓಟು ಜಿಮ್ನಿಗೆ. ಐದು ಬಾಗಿಲು, 6 ಏರ್‌ಬ್ಯಾಗ್, ಫೋರ್ ಲೋ ಗೇರ್ (ನಿಧಾನವಾಗಿ, ಜಾಸ್ತಿ ಬಲದಿಂದ ನಾಲ್ಕೂ ಚಕ್ರ ತಿರುಗಿಸುವ ಗೇರ್) ಇದೆ. ಉದ್ದ 4 ಮೀಟರಿಗಿಂತ ಕಡಿಮೆ, ನಾಗರಭಾವಿಯ ಅಡ್ಡರಸ್ತೆಗಳಲ್ಲಿ ನಿಲ್ಲಿಸಲು ಕಷ್ಟವಿಲ್ಲ. ನೆಲದಿಂದ 210 ಮಿಲಿಮೀಟರ್ ಎತ್ತರ. ನಿಮ್ಮ 2 ಕಿಲೋಮೀಟರ್ ಕೆಸರಿಗೂ ಆ ಏರಿಗೂ ಧಾರಾಳವಾಗಿ ಸಾಕು. ಕೊರತೆಗಳನ್ನೂ ಹೇಳಬೇಕು. ಕೂರಲು ನಾಲ್ಕೇ ಜನ. ಹಿಂದಿನ ಸೀಟು ಎತ್ತಿದ್ದರೆ ಸಾಮಾನಿಗೆ ಜಾಗ ಕಡಿಮೆ, ಊರಿನಿಂದ ಅಕ್ಕಿ, ತೆಂಗಿನಕಾಯಿ ಮೂಟೆ ತರುವವರಿಗೆ ಬೇಸರ. ಒಂದೂವರೆ ಲೀಟರಿನ ಎಂಜಿನ್, ಎದ್ದು ನುಗ್ಗುವ ಜಾತಿಯಲ್ಲ. ಹಾಸನದ ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕುವಾಗ ಗೇರ್ ಇಳಿಸಿ ಹೋಗಬೇಕು. ಆಟೋಮ್ಯಾಟಿಕ್ ಆದರೆ ನಾಲ್ಕೇ ಗೇರು. ಸಿಲ್ಕ್ ಬೋರ್ಡ್‌ನಲ್ಲಿ ಎಡಗಾಲಿಗೆ ಸುಖ, ಘಾಟಿಯಲ್ಲಿ ಎಂಜಿನ್ ಕೂಗಾಟ. ನಾನಾದರೆ ನಿಮ್ಮ ಓಡಾಟಕ್ಕೆ ಆಟೋಮ್ಯಾಟಿಕ್ಕನ್ನೇ ಆರಿಸುತ್ತೇನೆ.

ಜಿಮ್ನಿಯೇ ಇರಲಿ, ಬೇರೆ ಯಾವುದೇ ಇರಲಿ, ಕೆಳಗೆ ಮಲಗಿ ನೋಡದೆ ಅಡ್ವಾನ್ಸ್ ಕೊಡಬೇಡಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. 2006ರಲ್ಲಿ ನಾನೊಂದು ಜಿಪ್ಸಿ ತಗೊಂಡೆ. ಮೇಲೆ ಹೊಸ ಬಣ್ಣ, ಹೊಸ ಟಾಪು, ಎಂಜಿನ್ ಗಡಿಯಾರದ ಹಾಗೆ. ಸಂಜೆ ಆರೂವರೆಗೆ ನೋಡಿದ್ದು, ಕತ್ತಲಾಗಿತ್ತು. ಮೂರನೇ ತಿಂಗಳು ಸಕಲೇಶಪುರದ ಹತ್ತಿರ ಒಂದು ಕಲ್ಲುದಾರಿಯಲ್ಲಿ ಹಿಂದಿನಿಂದ 'ಟಕ್' ಅಂತ ಶಬ್ದ ಬಂತು. ಇಳಿದು ನೋಡಿದರೆ ಹಿಂದಿನ ಪ್ಲೇಟ್ ಸ್ಪ್ರಿಂಗ್ ಕೂರುವ ಜಾಗದಲ್ಲಿ ಚಾಸಿಯೇ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ಸೀಳಿತ್ತು. ಹಳೇ ವೆಲ್ಡಿಂಗ್, ಮೇಲೆ ದಪ್ಪಗೆ ಕಪ್ಪು ಬಣ್ಣ ಬಳಿದು ಮುಚ್ಚಿದ್ದರು. ಆವತ್ತು ನನ್ನ ಹೆಂಡತಿ, ಇಬ್ಬರು ಮಕ್ಕಳು ಗಾಡಿಯಲ್ಲಿದ್ದರು. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಆ ದಿನದಿಂದ ಟಾರ್ಚ್ ಇಲ್ಲದೆ ನಾನು ಯಾವ ಗಾಡಿಯನ್ನೂ ನೋಡಲು ಹೋಗಿಲ್ಲ.

ಬೆಳಗ್ಗೆ ಹೋಗಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ, ಇನ್ನೊಂದು ದಿನ ಬರುತ್ತೇನೆ ಅನ್ನಿ. ಆಮೇಲೆ ನಿಮ್ಮ ಪರಿಚಯದ ಗ್ಯಾರೇಜಿನಲ್ಲಿ ಗಾಡಿಯನ್ನು ಮೇಲಕ್ಕೆತ್ತಿಸಿ. ಚಾಸಿಯ ಎರಡೂ ಕಂಬಿಗಳನ್ನು ಮುಂದಿನಿಂದ ಹಿಂದಿನವರೆಗೆ ಬೆರಳಿನಲ್ಲಿ ತಡವಿ. ಹೊಸ ಕಪ್ಪು ಬಣ್ಣ ಒಂದೇ ಕಡೆ ಇದ್ದರೆ ಅಲ್ಲೇ ಕೆರೆದು ನೋಡಿ. ಮಂಗಳೂರು, ಉಡುಪಿ ಕಡೆ ಇದ್ದ ಗಾಡಿಯಾದರೆ ತುಕ್ಕು ಇನ್ನೂ ಚೆನ್ನಾಗಿ ಹುಡುಕಬೇಕು.

ಮುಂದಿನ, ಹಿಂದಿನ ಡಿಫರೆನ್ಷಿಯಲ್‌ನ (ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಆಯಿಲ್ ಸ್ವಲ್ಪ ತೆಗೆಸಿ. ಇದನ್ನು ಯಾರೂ ಮಾಡಿಸುವುದಿಲ್ಲ, ನೀವು ಮಾಡಿಸಿ. ಜೇನಿನ ಬಣ್ಣವೋ ಕಪ್ಪೋ ಇದ್ದರೆ ಚಿಂತೆಯಿಲ್ಲ. ಹಾಲು ಬೆರೆಸಿದ ಕಾಫಿಯಂತಿದ್ದರೆ ಒಳಗೆ ನೀರು ಹೊಕ್ಕಿದೆ. ಹೇಗೆ ಹೊಕ್ಕಿತು ಅಂದರೆ, ಓಡಿ ಓಡಿ ಕಾದ ಆಕ್ಸಲ್ ತಣ್ಣನೆಯ ಹಳ್ಳಕ್ಕೆ ಇಳಿಯುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ಸಂದಿಯಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ಮಾಲೀಕರು "ಆಫ್‌ರೋಡ್ ಹೋಗೇ ಇಲ್ಲ" ಅಂದರೂ ಆಯಿಲ್ ನಿಜ ಹೇಳುತ್ತದೆ.

ನೀರು ಅಂದಾಗ ಇನ್ನೊಂದು ಮಾತು. 2022ರ ಸೆಪ್ಟೆಂಬರ್ ಮೊದಲ ವಾರ ನಿಮ್ಮ ಆಫೀಸಿನ ಸುತ್ತಮುತ್ತಲೇ ಎಷ್ಟೊಂದು ಬೇಸ್‌ಮೆಂಟ್‌ಗಳಲ್ಲಿ ಕಾರುಗಳು ಮುಳುಗಿದ್ದವು, ನೆನಪಿದೆ ಅಲ್ವಾ? ಅದಕ್ಕೂ ಹಿಂದಿನ ಗಾಡಿಯಾದರೆ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿ. ತುದಿಯಲ್ಲಿ ಕೆಸರಿನ ಗೆರೆ ಇರಬಾರದು. ಕಾರ್ಪೆಟ್ ಎತ್ತಿ ಮೂಸಿ ನೋಡಿ.

ಆಮೇಲೆ ಒಂದು ಮಣ್ಣಿನ ಮೈದಾನಕ್ಕೆ ಹೋಗಿ. ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಫೋರ್ ಲೋ ಹಾಕಿ. ಲಿವರ್ ಸಲೀಸಾಗಿ ಕೂರಬೇಕು, ಓಡುವಾಗ ಹಾರಬಾರದು. ಮತ್ತೆ ಟೂ ಹೈಗೆ (ಹಿಂದಿನ ಎರಡೇ ಚಕ್ರಕ್ಕೆ ಬಲ ಹೋಗುವ ಮಾಮೂಲಿ ಸ್ಥಿತಿ) ಬಂದು, ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿ. 'ಟಣ್' ಅಂದರೆ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಸವೆದಿದೆ. ಅದೇನೂ ದೊಡ್ಡ ಖರ್ಚಲ್ಲ, ಬೆಲೆ ಇಳಿಸಲು ಒಂದು ಮಾತಾಯಿತು. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾಗಿದ್ದು. ಟೈರಿನ ಮೇಲಿನ ಗೀರು (ಟ್ರೆಡ್) ಎಷ್ಟೇ ಆಳ ಇದ್ದರೂ ಅಷ್ಟು ಹಳೇ ಟೈರು ಬದಲಿಸಲೇಬೇಕು.

ಕಾಗದಪತ್ರ: ಮಾಲೀಕತ್ವ ವರ್ಗಾವಣೆಯ ಫಾರಂ 29, 30 ಸಹಿ ಮಾಡಿಸಿ, ಸಾಲ ಇದ್ದರೆ ಅದು ತೀರಿದೆ ಅನ್ನೋ ಫಾರಂ 35 ಬ್ಯಾಂಕಿನಿಂದ ತರಿಸಿ. ಬಾಕಿ ದಂಡ ಎಷ್ಟಿದೆ ಅಂತ ನಂಬರ್ ಹಾಕಿ ನೋಡಿ. 14 ದಿನದೊಳಗೆ ವಿಮೆ ನಿಮ್ಮ ಹೆಸರಿಗೆ ಮಾಡಿಸಿ. ಹಳೇ ಮಾಲೀಕರ ನೋ ಕ್ಲೈಮ್ ಬೋನಸ್ (ವಿಮೆ ಹಣ ಕೇಳದೇ ಇದ್ದುದಕ್ಕೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ.

ಪ್ರಶ್ನೆ: ದೆಹಲಿ ನೋಂದಣಿಯ ಡೀಸೆಲ್ ಫೋರ್ ಬೈ ಫೋರ್ ಒಂದು ನಮ್ಮ ಏರಿಯಾದಲ್ಲೇ ಮಾರಾಟಕ್ಕಿದೆ. 9 ವರ್ಷದ್ದು. ಇಲ್ಲಿನ ಗಾಡಿಗಿಂತ ಒಂದೂವರೆ ಲಕ್ಷ ಕಡಿಮೆ. ತಗೋಬಹುದಾ?
– ಓದುಗರು, ಯಲಹಂಕ

ಉತ್ತರ: ಕಡಿಮೆ ಯಾಕೆ ಅನ್ನೋದು ಮೊದಲು ತಿಳಿಯಬೇಕು. ದೆಹಲಿ ಸುತ್ತಮುತ್ತ 10 ವರ್ಷ ಮೀರಿದ ಡೀಸೆಲ್ ವಾಹನಗಳಿಗೆ ನಿರ್ಬಂಧ ಹಾಕಿದ್ದನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹಾಗಾಗಿ 8–9 ವರ್ಷದ ಗಾಡಿಗಳು ದಕ್ಷಿಣಕ್ಕೆ ಬರತೊಡಗಿದವು. ಗಾಡಿ ಕೆಟ್ಟದ್ದೇ ಆಗಿರಬೇಕೆಂದಿಲ್ಲ. ಆದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ಅಭ್ಯಂತರವಿಲ್ಲ ಎಂಬ ಪತ್ರ) ಬೇಕು, ಇಲ್ಲಿ ಮರುನೋಂದಣಿ ಆಗಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಗಾಡಿಯ ವಯಸ್ಸಿಗೆ ತಕ್ಕಂತೆ ತೆರಿಗೆ ಇಳಿಯುತ್ತದೆ, ಆದರೂ ಸಣ್ಣ ಮೊತ್ತವಲ್ಲ. ಆರ್‌ಟಿಒಗೆ ಹೋಗಿ ಆ ಗಾಡಿಗೆ ಎಷ್ಟು ಬರುತ್ತದೆ ಅಂತ ಕೇಳಿ, ಒಂದೂವರೆ ಲಕ್ಷದಲ್ಲಿ ಕಳೆಯಿರಿ. ಉಳಿದದ್ದು 30–40 ಸಾವಿರ ಆದರೆ ಓಡಾಟಕ್ಕೇ ಸಾಲದು. ನಂಬರ್ ಬದಲಿಸಿ ನೋಂದಣಿ ಮಾಡಿಸಿಕೊಟ್ಟ ಮೇಲೆ ಪೂರ್ತಿ ದುಡ್ಡು ಅಂತ ಒಪ್ಪಿದರೆ ಮಾತ್ರ ಮುಂದುವರಿಯಿರಿ. ಅದಕ್ಕೆ ಒಪ್ಪದಿದ್ದರೆ ಬೇಡ.

ಪ್ರಶ್ನೆ: ಎರಡು ತಿಂಗಳ ಹಿಂದೆ 2017ರ ಥಾರ್ ತಗೊಂಡೆ. ದಿನಾ ಕೆಲಸಕ್ಕೆ ಅದರಲ್ಲೇ ಹೋಗುತ್ತೇನೆ. ಮಳೆ ಬಂದರೆ ಫೋರ್ ಹೈನಲ್ಲೇ (ಮಾಮೂಲಿ ವೇಗದಲ್ಲಿ ನಾಲ್ಕೂ ಚಕ್ರಕ್ಕೆ ಬಲ) ಓಡಿಸು, ಜಾರುವುದಿಲ್ಲ ಅಂತ ಅಣ್ಣ ಹೇಳಿದ. ಹಾಗೆ ಮಾಡಿದರೆ ತಿರುವಿನಲ್ಲಿ ಸ್ಟಿಯರಿಂಗ್ ಬಿಗಿಯಾಗುತ್ತದೆ, ಗಾಡಿ ಹಿಡಿದೆಳೆದಂತೆ ಆಗುತ್ತದೆ. ಏನಾದರೂ ಕೆಟ್ಟಿದೆಯಾ?
– ಓದುಗರು, ಜಯನಗರ

ಉತ್ತರ: ಇನ್ನೂ ಕೆಟ್ಟಿಲ್ಲಮ್ಮ, ಹೀಗೇ ಓಡಿಸಿದರೆ ಕೆಡುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಸುತ್ತಬೇಕು. ಫೋರ್ ಹೈ ಹಾಕಿದಾಗ ನಿಮ್ಮ ಗಾಡಿಯಲ್ಲಿ ಮುಂದಿನ, ಹಿಂದಿನ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗುತ್ತವೆ. ಮಣ್ಣಿನಲ್ಲಾದರೆ ಟೈರು ಒಂಚೂರು ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಟಾರು, ಕಾಂಕ್ರೀಟಿನ ಮೇಲೆ ಜಾರುವುದಿಲ್ಲ. ಬಿಗಿತವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಮಳೆ ಬಂದರೂ ನಗರದ ರಸ್ತೆ ಅಷ್ಟೊಂದು ಜಾರುವುದಿಲ್ಲ. ಟೂ ಹೈನಲ್ಲೇ ಓಡಿಸಿ, ವೇಗ ಇಳಿಸಿ. ಕೆಸರಿಗೆಂದು ಮಾಡಿದ ದೊಡ್ಡ ಟ್ರೆಡ್ಡಿನ ಟೈರು ಹಾಕಿದ್ದರೆ ಒದ್ದೆ ಟಾರಿನಲ್ಲಿ ಬ್ರೇಕು ತಡವಾಗಿ ಹಿಡಿಯುತ್ತದೆ. ಮುಂದಿನ ಸಲ ಟೈರು ಬದಲಿಸುವಾಗ ಆಲ್ ಟೆರೈನ್ (ಟಾರಿಗೂ ಮಣ್ಣಿಗೂ ಆಗುವ ಟೈರು) ಹಾಕಿಸಿ. ನಿಮ್ಮ ಥಾರ್‌ನಲ್ಲಿ ಎಬಿಎಸ್ ಇಲ್ಲ, ಹಾಗಾಗಿ ಮುಂದಿನ ಗಾಡಿಯಿಂದ ಯಾವಾಗಲೂ ಜಾಸ್ತಿ ಅಂತರ ಬಿಡಿ.

ಹಾಗಂತ ಫೋರ್ ಬೈ ಫೋರ್ ಲಿವರ್ ಮುಟ್ಟಲೇಬಾರದು ಅಂತಲ್ಲ. ತಿಂಗಳಿಗೊಮ್ಮೆ ಮಣ್ಣಿನ ಜಾಗದಲ್ಲಿ ಫೋರ್ ಹೈ, ಫೋರ್ ಲೋ ಎರಡನ್ನೂ ಹಾಕಿ ನಾಲ್ಕಾರು ನಿಮಿಷ ಓಡಿಸಿ. ಒಳಗೆ ಆಯಿಲ್ ಸುತ್ತಾಡುತ್ತದೆ, ಲಿವರ್ ಬಿಗಿಯುವುದಿಲ್ಲ. ಅದಕ್ಕೆಂದು ಕಾಡಿನೊಳಗೆ ನುಗ್ಗಬೇಡಿ. ಅರಣ್ಯ ಇಲಾಖೆಯ ಜಾಗಕ್ಕೆ ಅನುಮತಿ ಇಲ್ಲದೆ ಗಾಡಿ ಇಳಿಸುವುದು ಅಪರಾಧ. ಪರಿಚಯದವರ ತೋಟವೋ ಖಾಲಿ ಹೊಲವೋ ಸಾಕು. ಮುಗಿದ ಮೇಲೆ ಟೂ ಹೈಗೆ ತರುವಾಗ ಲಿವರ್ ಬರದಿದ್ದರೆ ಬಲ ಹಾಕಬೇಡಿ. ರಿವರ್ಸ್ ಗೇರಿನಲ್ಲಿ ನಾಲ್ಕು ಅಡಿ ನೇರ ಹಿಂದೆ ಬನ್ನಿ, ಬಿಗಿತ ಬಿಟ್ಟು ಲಿವರ್ ತಾನಾಗಿ ಬರುತ್ತದೆ.