ಭೂಕಂಪದ ನಂತರ ಉಚಿತ ಕಟ್ಟಡ ಪರಿಶೀಲನೆ: ಕೇಸ್ ಬೀಳದಿರಲು
ಅಮೆರಿಕದಲ್ಲಿ ಭೂಕಂಪವಾದ ಊರಿಗೆ ಎಂಜಿನಿಯರಾಗಿ ಸ್ವಂತವಾಗಿ ಹೊರಟಿದ್ದೀರಿ, ವಿಮಾ ಕಂಪನಿ ಕವರ್ ಇಲ್ಲ ಎಂದಿದೆ. ತೊಡಕಿರುವುದು ಆ 'ಸ್ವಂತವಾಗಿ'ಯಲ್ಲೇ. ಸ್ವಯಂಸೇವಕರನ್ನು ಪರಿಹಾರದ ಕೇಸ್‌ಗಳಿಂದ ಕಾಯುವ 1997ರ ಫೆಡರಲ್ ಸ್ವಯಂಸೇವಕ ರಕ್ಷಣಾ ಕಾಯ್ದೆ ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯ ಪರವಾಗಿ ದುಡಿಯುವವರಿಗಷ್ಟೇ ಅನ್ವಯ.

ಮೊದಲು ಅಲ್ಲಿನ ಕಟ್ಟಡ ಇಲಾಖೆಯಲ್ಲಿ ಹೆಸರು ಬರೆಸಿ, ಕೆಲಸದ ವ್ಯಾಪ್ತಿ ನಮೂದಿಸಿದ ನಿಯೋಜನೆ ಪತ್ರ ಪಡೆಯಿರಿ. ಆಮೇಲೆ ನಿಮ್ಮ ಲೈಸೆನ್ಸ್ ಆ ರಾಜ್ಯದಲ್ಲಿ ನಡೆಯುತ್ತದೆಯೇ ಎಂದು ಅಲ್ಲಿನ ಲೈಸೆನ್ಸ್ ಮಂಡಳಿಯಿಂದ ಲಿಖಿತವಾಗಿ ತಿಳಿದುಕೊಳ್ಳಿ. ಇದು ತಪ್ಪಿದರೆ ರಕ್ಷಣೆಯೇ ಹೋದೀತು. ರಾಜ್ಯದ ಕಾಯ್ದೆಯನ್ನೂ ಅವರನ್ನೇ ಕೇಳಿ, ಒಂದೊಂದು ಕಡೆ ಒಂದೊಂದು ಥರ ಇದೆ.

ಘೋರ ನಿರ್ಲಕ್ಷ್ಯಕ್ಕೂ ವಾಹನ ಅಪಘಾತಕ್ಕೂ ರಕ್ಷಣೆಯಿಲ್ಲ. ಕಟ್ಟಡದೊಳಗೆ ಹೋಗಬಹುದೇ ಎಂದು ಸೂಚಿಸುವ ಕೆಂಪು, ಹಳದಿ, ಹಸಿರು ಫಲಕ ಅಂಟಿಸುವಾಗ ಹೊರಗಿನಿಂದ ಮಾತ್ರ ನೋಡಿದ್ದರೆ ಹಾಗೆಂದೇ, ಸಮಯದೊಂದಿಗೆ ಬರೆಯಿರಿ. ಮಾಲೀಕರು ಎಷ್ಟೇ ಬೇಡಿಕೊಂಡರೂ ದಯವಿಟ್ಟು ದುರಸ್ತಿ ಸಲಹೆ ಕೊಡಬೇಡಿ. ನಿಮ್ಮ ನಿಯೋಜನೆ ಪತ್ರದ ವ್ಯಾಪ್ತಿಯಲ್ಲಿ ಅದು ಇರುವುದಿಲ್ಲ.